ಗಪ್ಪಿಯ ಕಿತ್ತಳೆ ಚುಕ್ಕೆಗೆ ಬೆಲೆ ಕಟ್ಟುವುದು ಯಾರು?

ಅಕ್ವೇರಿಯಂ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಮೀನು ಗಪ್ಪಿ. ಎಷ್ಟೋ ಮಕ್ಕಳು ಮೊದಲು ಸಾಕುವುದೂ ಅದನ್ನೇ. ಗಪ್ಪಿ ಇರುವ ತೊಟ್ಟಿಯ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡಿ. ಮೈತುಂಬ ಬಣ್ಣ ಇರುವ ಪುಟ್ಟ ಗಂಡು, ತನಗಿಂತ ದೊಡ್ಡದಾದ ಬೂದು ಬಣ್ಣದ ಹೆಣ್ಣಿನ ಮುಂದೆ ಬಂದು ನಿಲ್ಲುತ್ತದೆ. ಮೈಯನ್ನು ಇಂಗ್ಲಿಷಿನ 'ಎಸ್' ಅಕ್ಷರದ ಹಾಗೆ ಬಗ್ಗಿಸುತ್ತದೆ. ರೆಕ್ಕೆಗಳನ್ನು ಪೂರ್ತಿ ಬಿಚ್ಚಿ, ಇಡೀ ಮೈಯನ್ನು ಗಡಗಡ ನಡುಗಿಸುತ್ತದೆ. ಹೆಚ್ಚಿನ ಸಲ ಹೆಣ್ಣು ಅದನ್ನು ಲೆಕ್ಕಿಸದೆ ಮುಂದೆ ಈಜಿಬಿಡುತ್ತದೆ. ಗಂಡು ಮತ್ತೆ ಎದುರು ಹೋಗಿ ಅದೇ ಆಟ ಆಡುತ್ತದೆ. ಅಪರೂಪಕ್ಕೊಮ್ಮೆ ಹೆಣ್ಣು ತಿರುಗಿ, ನಿಧಾನವಾಗಿ ಗಂಡಿನ ಕಡೆಗೆ ಬರುತ್ತದೆ.

ಈ ಪುಟ್ಟ ಆಟವನ್ನು ವಿಜ್ಞಾನಿಗಳು ನೂರು ವರ್ಷದಿಂದ ನೋಡುತ್ತಿದ್ದಾರೆ. ವಿಕಾಸ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ನಮಗಿರುವ ಅತ್ಯಂತ ಗಟ್ಟಿ ಪುರಾವೆಗಳಲ್ಲಿ ಕೆಲವು ಸಿಕ್ಕಿದ್ದು ಈ ಮೀನಿನಿಂದಲೇ. 1871ರಲ್ಲಿ ಡಾರ್ವಿನ್ ಲೈಂಗಿಕ ಆಯ್ಕೆಯ ಬಗ್ಗೆ ವಿವರವಾಗಿ ಬರೆದಾಗ, ಹೆಣ್ಣು ಪ್ರಾಣಿಗೆ ಸ್ವಂತ ರುಚಿ ಇರುತ್ತದೆ, ಗಂಡಿನ ಅಂದವನ್ನು ಆ ರುಚಿಯೇ ರೂಪಿಸುತ್ತದೆ ಎಂಬ ಮಾತನ್ನು ಆ ಕಾಲದ ಅನೇಕರು ಒಪ್ಪಲಿಲ್ಲ. ಇವತ್ತು ಆ ಮಾತನ್ನು ಒಂದು ತೊರೆಯ ದಂಡೆಯಲ್ಲಿ ಕೂತು, ಒಬ್ಬ ಸಂಶೋಧಕನ ಆಯುಷ್ಯದೊಳಗೇ ಪರೀಕ್ಷಿಸಿ ನೋಡಬಹುದು. ಗಪ್ಪಿಯೂ ಅದರ ಬಳಗವೂ ಅಷ್ಟು ಬೇಗ ಬದಲಾಗುತ್ತವೆ.

ಆದರೆ ಈ ಕಥೆಯನ್ನು 'ಚಂದದ ಗಂಡು, ಆರಿಸುವ ಹೆಣ್ಣು' ಅಂತ ಅಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ. ಆರಿಸುವುದು ಹೆಣ್ಣೇ, ನಿಜ. ಆ ಆಯ್ಕೆಗೆ ಎಷ್ಟು ಬೆಲೆ ತೆರಬೇಕು ಎಂದು ತೀರ್ಮಾನಿಸುವುದು ಮಾತ್ರ ನೀರು. ಅದರಲ್ಲಿ ಯಾರು ಬೇಟೆಯಾಡುತ್ತಾರೆ, ಎಷ್ಟು ಬೆಳಕಿದೆ, ಏನು ತಿನ್ನಲು ಸಿಗುತ್ತದೆ, ಏನು ಕರಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈಗ ಆ ನೀರನ್ನು ನಾವು ಬದಲಾಯಿಸುತ್ತಿದ್ದೇವೆ. ಹಾಗಾಗಿ ಈ ಮೀನುಗಳ ವಿಷಯ ಬರೀ ಪ್ರಯೋಗಾಲಯದ ಕುತೂಹಲವಾಗಿ ಉಳಿದಿಲ್ಲ.

ಮರಿ ಹಾಕುವ ಮೀನು ಅಂದರೆ

ಬಹುಪಾಲು ಮೀನುಗಳು ನೀರಿನಲ್ಲಿ ಮೊಟ್ಟೆ ಇಡುತ್ತವೆ, ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಗ್ಯಾಂಬೂಸಿಯಾ ಹಾಗಲ್ಲ. ಇವು ಪೊಸಿಲಿಡೇ ಎಂಬ ಕುಟುಂಬಕ್ಕೆ ಸೇರಿದವು. ಈ ಕುಟುಂಬದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲದರ ತವರು ಅಮೆರಿಕ ಖಂಡಗಳು ಮತ್ತು ಅಲ್ಲಿನ ದ್ವೀಪಗಳು. ಇಲ್ಲಿ ಗಂಡಿನ ಹೊಟ್ಟೆಯ ಕೆಳಗಿನ ರೆಕ್ಕೆ ನೀಳವಾಗಿ, ಕಡ್ಡಿಯಂತೆ ಬೆಳೆದಿರುತ್ತದೆ. ಅದಕ್ಕೆ ಗೊನೊಪೋಡಿಯಂ ಅಂತ ಹೆಸರು. ಅದರ ಮೂಲಕ ಗಂಡು ವೀರ್ಯವನ್ನು ಹೆಣ್ಣಿನ ದೇಹದೊಳಗೆ ಸೇರಿಸುತ್ತದೆ. ಮೊಟ್ಟೆ ಒಳಗೇ ಬೆಳೆದು, ಗಪ್ಪಿಯಲ್ಲಾದರೆ ಸುಮಾರು ನಾಲ್ಕು ವಾರಕ್ಕೆ, ಈಜಬಲ್ಲ ಮರಿ ಹೊರಗೆ ಬರುತ್ತದೆ.

ಒಳಗೇ ಗರ್ಭ ಕಟ್ಟುವ ಈ ಏರ್ಪಾಡು ಇಡೀ ಲೆಕ್ಕಾಚಾರವನ್ನು ಬದಲಿಸುತ್ತದೆ. ಗರ್ಭ ಹೊರುವುದು ಹೆಣ್ಣು. ದಪ್ಪ ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ ಈಜುವುದೂ, ಬೇಟೆಗಾರನ ಬಾಯಿಗೆ ಸಿಗುವ ಅಪಾಯ ಎದುರಿಸುವುದೂ ಅದೇ. ಗಂಡಿನದು ವೀರ್ಯದ ಖರ್ಚು ಮಾತ್ರ. ಗಪ್ಪಿ ಗಂಡು ಮರಿಗಳನ್ನು ಸಾಕುವುದಿಲ್ಲ, ಜಾಗ ಕಾಯುವುದಿಲ್ಲ, ಊಟ ತರುವುದಿಲ್ಲ. ಹಾಗಾದರೆ ಹೆಣ್ಣು ಏನನ್ನು ನೋಡಿ ಆರಿಸಬೇಕು? ಅದಕ್ಕೆ ಸಿಗುವುದು ಗಂಡಿನ ರೂಪ, ನಡವಳಿಕೆ, ವಾಸನೆ ಇಷ್ಟೇ. ಲೈಂಗಿಕ ಆಯ್ಕೆಯನ್ನು ಅಧ್ಯಯನ ಮಾಡುವವರಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಇನ್ನೊಂದು ಅನುಕೂಲವೂ ಇದೆ. ಗಪ್ಪಿ ಗಂಡುಗಳ ಬಣ್ಣದ ವಿನ್ಯಾಸದ ದೊಡ್ಡ ಪಾಲು ತಂದೆಯಿಂದ ಮಗನಿಗೆ ವೈ ಕ್ರೋಮೋಸೋಮಿನ ಮೂಲಕ ಹೋಗುತ್ತದೆ. ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ 1920ರಲ್ಲೇ ಇದನ್ನು ತೋರಿಸಿದ್ದರು. ಹೆಣ್ಣಿಗೆ ಯಾವ ಗಂಡು ಹಿಡಿಸಿತು ಎಂಬುದು ಮುಂದಿನ ತಲೆಮಾರಿನ ಗಂಡುಗಳ ಮೈಮೇಲೇ ಕಾಣುತ್ತದೆ.

ಟ್ರಿನಿಡಾಡಿನ ತೊರೆಗಳು

ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದ ಉತ್ತರಕ್ಕೆ ಒಂದು ಬೆಟ್ಟಸಾಲಿದೆ. ಅಲ್ಲಿಂದ ಹತ್ತಾರು ತೊರೆಗಳು ಇಳಿಯುತ್ತವೆ. ದಾರಿಯುದ್ದಕ್ಕೂ ಜಲಪಾತಗಳು. ಜಲಪಾತದ ಕೆಳಗಿನ ಮಡುಗಳಲ್ಲಿ ಪೈಕ್ ಸಿಕ್ಲಿಡ್ ಎಂಬ ಬೇಟೆಗಾರ ಮೀನು ಇದೆ. ಅದು ದೊಡ್ಡ ಗಪ್ಪಿಗಳನ್ನೂ ಬಿಡುವುದಿಲ್ಲ. ಅದಕ್ಕೆ ಜಲಪಾತ ಹತ್ತಲು ಆಗುವುದಿಲ್ಲ. ಜಲಪಾತದ ಮೇಲೆ ರಿವುಲಸ್ ಎಂಬ ಚಿಕ್ಕ ಮೀನು ಇದೆ. ಅದರಿಂದ ಅಪಾಯ ಇರುವುದು ಹೆಚ್ಚಾಗಿ ಗಪ್ಪಿ ಮರಿಗಳಿಗೆ. ಒಂದೇ ತೊರೆ, ಒಂದೇ ಜಾತಿಯ ಗಪ್ಪಿ, ನಡುವೆ ಒಂದು ಬಂಡೆ. ಮೇಲೆ ಒಂದು ಲೋಕ, ಕೆಳಗೆ ಇನ್ನೊಂದು.

1940–50ರ ದಶಕದಲ್ಲಿ ಕ್ಯಾರಿಲ್ ಹ್ಯಾಸ್ಕಿನ್ಸ್ ಮತ್ತು ಎಡ್ನಾ ಹ್ಯಾಸ್ಕಿನ್ಸ್ ದಂಪತಿ ಇಲ್ಲಿ ಗಪ್ಪಿಗಳನ್ನು ಗಮನಿಸಿದ್ದರು. ಬೇಟೆಗಾರರು ಜಾಸ್ತಿ ಇದ್ದಲ್ಲಿ ಗಂಡುಗಳು ಮಂಕು, ಕಡಿಮೆ ಇದ್ದಲ್ಲಿ ಬಣ್ಣ ಜೋರು. 1970ರ ದಶಕದಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್ ಬಂದರು. ತೊರೆಗಳಲ್ಲಿ ಕಂಡದ್ದಕ್ಕೆ ಕಾರಣ ನಿಜವಾಗಿ ಬೇಟೆಗಾರರೇನಾ, ಅಥವಾ ಬೇರೆ ಏನಾದರೂ ಇದೆಯಾ? ಅದನ್ನು ಪರೀಕ್ಷಿಸಲು ಅವರು ಗಾಜಿನಮನೆಯಲ್ಲಿ ಕೊಳಗಳನ್ನು ಕಟ್ಟಿಸಿದರು. ಕೆಲವು ಕೊಳಗಳಿಗೆ ಪೈಕ್ ಸಿಕ್ಲಿಡ್ ಬಿಟ್ಟರು, ಕೆಲವಕ್ಕೆ ರಿವುಲಸ್, ಉಳಿದವಕ್ಕೆ ಏನನ್ನೂ ಬಿಡಲಿಲ್ಲ. ಕೊಳದ ತಳಕ್ಕೆ ಹಾಸಿದ ಕಲ್ಲೂ ಒಂದೇ ಥರ ಇರಲಿಲ್ಲ. ಕೆಲವದರಲ್ಲಿ ದಪ್ಪ ಜಲ್ಲಿ, ಕೆಲವದರಲ್ಲಿ ಸಣ್ಣ ಜಲ್ಲಿ.

ಈ ಜಲ್ಲಿಯ ವಿಚಾರದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ಪ್ರಯೋಗದ ಚಂದ ಇರುವುದು ಅಲ್ಲೇ. ಕೆಲವೇ ತಲೆಮಾರು ಕಳೆದ ಮೇಲೆ ಎಂಡ್ಲರ್ ಗಂಡುಗಳ ಮೈಮೇಲಿನ ಚುಕ್ಕೆಗಳನ್ನು ಎಣಿಸಿ, ಅಳೆದು ನೋಡಿದರು. ಪೈಕ್ ಸಿಕ್ಲಿಡ್ ಇದ್ದ ಕೊಳದಲ್ಲಿ ಚುಕ್ಕೆಗಳು ಕಡಿಮೆಯಾಗಿದ್ದವು. ಅಷ್ಟೇ ಅಲ್ಲ, ದಪ್ಪ ಜಲ್ಲಿ ಇದ್ದಲ್ಲಿ ಉಳಿದ ಚುಕ್ಕೆಗಳು ದೊಡ್ಡವು, ಸಣ್ಣ ಜಲ್ಲಿ ಇದ್ದಲ್ಲಿ ಚಿಕ್ಕವು. ಮೀನು ತಳದ ಕಲ್ಲಿನೊಂದಿಗೆ ಬೆರೆತುಹೋಗುವ ಹಾಗೆ ಬದಲಾಗಿತ್ತು. ಪೈಕ್ ಸಿಕ್ಲಿಡ್ ಇಲ್ಲದ ಕೊಳಗಳಲ್ಲಿ ಪೂರ್ತಿ ತಿರುಗುಮುರುಗು. ಚುಕ್ಕೆಗಳು ಹೆಚ್ಚಾದವು, ಮತ್ತು ದಪ್ಪ ಜಲ್ಲಿಯ ಮೇಲೆ ಚಿಕ್ಕ ಚುಕ್ಕೆ, ಸಣ್ಣ ಜಲ್ಲಿಯ ಮೇಲೆ ದೊಡ್ಡ ಚುಕ್ಕೆ. ಅಂದರೆ ಆದಷ್ಟೂ ಎದ್ದು ಕಾಣುವ ಹಾಗೆ. ತಿನ್ನಲು ಬರುವ ಕಣ್ಣು ಗಂಡನ್ನು ಒಂದು ಕಡೆ ತಳ್ಳುತ್ತದೆ, ಕೂಡಲು ಒಪ್ಪುವ ಕಣ್ಣು ಇನ್ನೊಂದು ಕಡೆ ಎಳೆಯುತ್ತದೆ. ಚುಕ್ಕೆಯ ಗಾತ್ರ ಈ ಎರಡರ ನಡುವಿನ ಒಪ್ಪಂದ.

ಗಾಜಿನಮನೆಯಲ್ಲಿ ಆಗಿದ್ದು ಕಾಡಿನಲ್ಲೂ ಆಗುತ್ತದಾ? 1976ರಲ್ಲಿ ಎಂಡ್ಲರ್ ಅರಿಪೊ ನದಿಯಲ್ಲಿ ಪೈಕ್ ಸಿಕ್ಲಿಡ್ ಇರುವ ಕಡೆಯಿಂದ 200 ಗಪ್ಪಿಗಳನ್ನು ಹಿಡಿದು, ಗಪ್ಪಿಯೇ ಇಲ್ಲದ, ರಿವುಲಸ್ ಮಾತ್ರ ಇರುವ ಒಂದು ಉಪತೊರೆಗೆ ಬಿಟ್ಟರು. ಎರಡು ವರ್ಷದೊಳಗೆ, ಅಂದರೆ ಹದಿನೈದು ತಲೆಮಾರಿನ ಆಸುಪಾಸಿನಲ್ಲಿ, ಗಂಡುಗಳ ಚುಕ್ಕೆ ಹೆಚ್ಚಾಗಿತ್ತು, ಬಣ್ಣಗಳ ವೈವಿಧ್ಯವೂ ಹೆಚ್ಚಾಗಿತ್ತು. ವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕು ಎಂದು ಶಾಲೆಯಲ್ಲಿ ಕಲಿತವರಿಗೆ ಇದು ನಿಜಕ್ಕೂ ದೊಡ್ಡ ಸುದ್ದಿ.

ಆ ತೊರೆಯ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ಅದೇ ಮೀನುಗಳ ಬದುಕಿನ ಲಯವನ್ನು ಅಳೆದರು. ದೊಡ್ಡ ಬೇಟೆಗಾರರು ಇರುವಲ್ಲಿ ಗಪ್ಪಿಗಳು ಬೇಗ ಪ್ರಾಯಕ್ಕೆ ಬರುತ್ತವೆ, ಚಿಕ್ಕ ಚಿಕ್ಕ ಮರಿಗಳನ್ನು ಜಾಸ್ತಿ ಹಾಕುತ್ತವೆ. ನಾಳೆ ಬದುಕಿರುತ್ತೇವೋ ಇಲ್ಲವೋ ಎಂಬ ಕಡೆ ಕಾಯುವುದರಲ್ಲಿ ಲಾಭವಿಲ್ಲ. ಮೇಲಿನ ತೊರೆಗೆ ಸಾಗಿಸಿದ ಮೀನುಗಳಲ್ಲಿ 11 ವರ್ಷದ ನಂತರ, 30ರಿಂದ 60 ತಲೆಮಾರಿನಲ್ಲಿ, ಈ ಲಯ ತಿರುಗಿತ್ತು. ತಡವಾಗಿ ಪ್ರಾಯ, ಕಡಿಮೆ ಮರಿ, ಆದರೆ ದೊಡ್ಡ ಮರಿ. ಈ ಮರಿಗಳ ಮುಂದಿನ ತಲೆಮಾರುಗಳನ್ನು ಪ್ರಯೋಗಾಲಯದಲ್ಲಿ ಒಂದೇ ರೀತಿ ಸಾಕಿದಾಗಲೂ ವ್ಯತ್ಯಾಸ ಉಳಿಯಿತು. ಹಾಗಾಗಿ ಬದಲಾವಣೆ ವಂಶವಾಹಿಯಲ್ಲೇ ಆಗಿತ್ತು. 1997ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಈ ವೇಗ ಪಳೆಯುಳಿಕೆಗಳಲ್ಲಿ ಕಾಣುವ ವೇಗಕ್ಕಿಂತ ಹತ್ತು ಸಾವಿರದಿಂದ ಒಂದು ಕೋಟಿ ಪಟ್ಟು ಹೆಚ್ಚು.

ಕಿತ್ತಳೆಯೇ ಯಾಕೆ?

ಟ್ರಿನಿಡಾಡಿನ ಅನೇಕ ತೊರೆಗಳ ಹೆಣ್ಣು ಗಪ್ಪಿಗಳಿಗೆ ಕಿತ್ತಳೆ ಬಣ್ಣ ಜಾಸ್ತಿ ಇರುವ ಗಂಡು ಇಷ್ಟ. 1980ರ ದಶಕದಲ್ಲಿ ಆನ್ ಹೂಡ್ ಇದನ್ನು ಎಚ್ಚರದಿಂದ ಅಳೆದು ತೋರಿಸಿದರು. ಎಲ್ಲ ತೊರೆಗಳಲ್ಲೂ ಈ ಇಷ್ಟ ಒಂದೇ ಮಟ್ಟದ್ದಲ್ಲ ಎಂಬುದನ್ನೂ ಕಂಡುಕೊಂಡರು. ಆದರೆ ಕಿತ್ತಳೆಯಲ್ಲಿ ಅಂಥದ್ದೇನಿದೆ?

ಒಂದು ಉತ್ತರ ಆರೋಗ್ಯಕ್ಕೆ ಸಂಬಂಧಿಸಿದ್ದು. ಈ ಬಣ್ಣದಲ್ಲಿ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯ ಇದೆ. ಅದನ್ನು ಮೀನು ತಾನೇ ತಯಾರಿಸಲಾರದು, ಪಾಚಿ ಮತ್ತಿತರ ಆಹಾರದಿಂದಲೇ ಪಡೆಯಬೇಕು. ಚೆನ್ನಾಗಿ ಮೇಯಬಲ್ಲ, ರೋಗ ಕಡಿಮೆ ಇರುವ ಗಂಡಿಗೆ ಬಣ್ಣ ಗಾಢವಾಗುತ್ತದೆ. ಹೆಣ್ಣಿಗೆ ಅದು ನಂಬಬಹುದಾದ ಗುರುತು. ಕೇಳಲು ಸರಳವಾಗಿದೆ. ಆದರೆ ಗ್ರೆಗರಿ ಗ್ರೆದರ್ ಮತ್ತು ಸಂಗಡಿಗರು ಚುಕ್ಕೆಯ ಬಣ್ಣವನ್ನು ಬಿಡಿಸಿ ನೋಡಿದಾಗ ಅದರಲ್ಲಿ ಡ್ರೋಸಾಪ್ಟೆರಿನ್ ಎಂಬ ಇನ್ನೊಂದು ಬಣ್ಣವೂ ಸಿಕ್ಕಿತು. ಅದನ್ನು ಗಪ್ಪಿ ತಾನೇ ತಯಾರಿಸುತ್ತದೆ. ಮರಗಳ ನೆರಳು ಕಡಿಮೆ ಇದ್ದು, ಬಿಸಿಲು ಬಿದ್ದು, ಪಾಚಿ ಹೆಚ್ಚಿರುವ ತೊರೆಗಳ ಗಂಡುಗಳಿಗೆ ಕೆರೋಟಿನಾಯ್ಡ್ ಹೆಚ್ಚು ಸಿಗುತ್ತದೆ. ಅಲ್ಲಿನ ಗಂಡುಗಳು ಡ್ರೋಸಾಪ್ಟೆರಿನ್ ಅನ್ನೂ ಹೆಚ್ಚು ಮಾಡಿಕೊಳ್ಳುತ್ತವೆ. ಎರಡರ ಪ್ರಮಾಣ ಸರಿಹೊಂದಿ, ಕೊನೆಗೆ ಬಣ್ಣದ ಛಾಯೆ ಎಲ್ಲ ತೊರೆಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹೆಣ್ಣಿಗೆ ಹಿಡಿಸುವ ಛಾಯೆ ಯಾವುದೋ ಅದನ್ನು ಮುಟ್ಟಲು ಗಂಡುಗಳು ಹೀಗೆ ವಿಕಾಸಗೊಂಡಿವೆ.

ಎರಡನೆಯ ಉತ್ತರ ಹೊಟ್ಟೆಯಿಂದ ಶುರುವಾಗುತ್ತದೆ. ಮಳೆಕಾಡಿನ ಮರಗಳಿಂದ ಕಿತ್ತಳೆ ಬಣ್ಣದ ಹಣ್ಣುಗಳು ತೊರೆಗೆ ಬೀಳುತ್ತವೆ. ಗಪ್ಪಿಗಳು ಅದಕ್ಕೆ ಮುಗಿಬೀಳುತ್ತವೆ. ಹೆಲೆನ್ ರಾಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಣ್ಣಬಣ್ಣದ ಚಿಕ್ಕ ಬಿಲ್ಲೆಗಳನ್ನು ನೀರಿಗೆ ಇಳಿಸಿ ನೋಡಿದರು. ಹೆಣ್ಣು, ಗಂಡು ಎರಡೂ ಕಿತ್ತಳೆ ಬಿಲ್ಲೆಯನ್ನು ಹೆಚ್ಚು ಕುಟುಕಿದವು. ಯಾವ ತೊರೆಯ ಮೀನಿಗೆ ಕಿತ್ತಳೆ ಬಿಲ್ಲೆಯ ಸೆಳೆತ ಹೆಚ್ಚೋ ಆ ತೊರೆಯ ಹೆಣ್ಣಿಗೆ ಕಿತ್ತಳೆ ಗಂಡಿನ ಇಷ್ಟವೂ ಹೆಚ್ಚು. ಅಂದರೆ ಗಂಡಿನ ಚುಕ್ಕೆ ಹುಟ್ಟುವ ಮೊದಲೇ ಹೆಣ್ಣಿನ ಕಣ್ಣಿನಲ್ಲಿ ಆ ಬಣ್ಣಕ್ಕೆ ಜಾಗ ಇದ್ದಿರಬಹುದು.

ಗುರುತಿಗಿಂತ ಮೊದಲೇ ರುಚಿ ಇತ್ತು ಎಂಬ ಈ ವಿಚಾರಕ್ಕೆ ಬಲವಾದ ಪುರಾವೆ ಕೊಟ್ಟದ್ದು ಸ್ವೋರ್ಡ್‌ಟೇಲ್. ಈ ಗಂಡಿನ ಬಾಲದ ಕೆಳಂಚು ಕತ್ತಿಯಂತೆ ಉದ್ದಕ್ಕೆ ಚಾಚಿರುತ್ತದೆ. ಹತ್ತಿರದ ಸಂಬಂಧಿಯಾದ ಪ್ಲಾಟಿಗೆ ಕತ್ತಿ ಇಲ್ಲ. 1990ರಲ್ಲಿ ಅಲೆಕ್ಸಾಂಡ್ರಾ ಬಸೋಲೊ ಪ್ಲಾಟಿ ಗಂಡುಗಳಿಗೆ ಪ್ಲಾಸ್ಟಿಕ್ ಕತ್ತಿ ಜೋಡಿಸಿದರು. ಪ್ಲಾಟಿ ಹೆಣ್ಣುಗಳು ಕತ್ತಿಯ ಗಂಡನ್ನೇ ಮೆಚ್ಚಿದವು! ತಮ್ಮ ಜಾತಿಯ ಗಂಡುಗಳಲ್ಲಿ ಕಾಣಸಿಗದ ಒಂದು ಅಂಗಕ್ಕೆ ಅವುಗಳಲ್ಲಿ ಆಸೆ ಇತ್ತು. ಇನ್ನೂ ದೂರದ ಸಂಬಂಧಿಯಾದ ಪ್ರಿಯಾಪೆಲ್ಲಾದ ಹೆಣ್ಣುಗಳಲ್ಲೂ ಅವರು ಮುಂದೆ ಅದನ್ನೇ ಕಂಡರು.

ಮೆಕ್ಸಿಕೋದ ಗುಡೀಡ್ ಎಂಬ ಬೇರೊಂದು ಕುಟುಂಬದ ಮರಿ ಹಾಕುವ ಮೀನುಗಳಲ್ಲಿ ಇದರ ಮುಂದಿನ ಹೆಜ್ಜೆ ಕಾಣುತ್ತದೆ. ಕೆಲವು ಜಾತಿಯ ಗಂಡಿನ ಬಾಲದ ತುದಿಯಲ್ಲಿ ಹಳದಿ ಪಟ್ಟಿ ಇದೆ. ಅದು ಅಲುಗಾಡಿದರೆ ನೀರಿನ ಹುಳ ತೆವಳಿದಂತೆ ಕಾಣುತ್ತದೆ. ಹೆಣ್ಣು ತಿನ್ನಲು ಬಂದು ಬಾಲ ಕಚ್ಚುತ್ತದೆ, ಗಂಡಿಗೆ ಅದನ್ನು ಓಲೈಸಲು ಅವಕಾಶ ಸಿಗುತ್ತದೆ. ಆದರೆ ಪಟ್ಟಿ ಎದ್ದು ಕಾಣುವ ಜಾತಿಗಳಲ್ಲಿ ಹೆಣ್ಣುಗಳು ಈ ಮೋಸದಿಂದ ಬಿಡಿಸಿಕೊಂಡಿವೆ. ಅಲ್ಲಿ ಪಟ್ಟಿಯನ್ನು ಆಹಾರ ಎಂದು ಕಚ್ಚುವುದು ಕಡಿಮೆಯಾಗಿದೆ, ಗಂಡನ್ನು ಅಳೆಯುವ ಗುರುತಾಗಿ ಅದು ಉಳಿದಿದೆ. ಕೊನ್‌ಸ್ಟಾಂಟಿನೊ ಮಾಸಿಯಾಸ್ ಗಾರ್ಸಿಯಾ ಮತ್ತು ಎಲ್ವಿಯಾ ರಮಿರೆಸ್ 2005ರಲ್ಲಿ ಇದನ್ನು ವಿವರಿಸಿದರು. ಆರೋಗ್ಯದ ಗುರುತೋ, ಕಣ್ಣಿನ ಹಳೆಯ ರುಚಿಯೋ ಎಂದು ಎರಡು ಪಂಗಡವಾಗಿ ವಾದ ಮಾಡುವವರಿಗೆ ಈ ಮೀನು ಸರಿಯಾದ ಉತ್ತರ ಕೊಟ್ಟಿದೆ ಅಂತ ನನಗೆ ಅನ್ನಿಸುತ್ತದೆ. ಬಲೆಯಾಗಿ ಶುರುವಾದದ್ದು ನಿಜವಾದ ಗುರುತಾಗಿ ಬೆಳೆಯಬಹುದು.

ಇಷ್ಟೆಲ್ಲ ಆದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹೆಣ್ಣುಗಳು ತಲೆಮಾರುಗಟ್ಟಲೆ ಒಂದೇ ಥರದ ಗಂಡನ್ನು ಆರಿಸಿದರೆ ಉಳಿದ ಬಣ್ಣಗಳೆಲ್ಲ ಅಳಿದುಹೋಗಬೇಕಿತ್ತು, ಅಲ್ವಾ? ಆದರೆ ಒಂದೇ ಮಡುವಿನಲ್ಲಿ ಎರಡು ಗಂಡು ಗಪ್ಪಿಗಳು ಒಂದೇ ಥರ ಕಾಣುವುದು ಅಪರೂಪ. 2013ರಲ್ಲಿ ಕಿಂಬರ್ಲಿ ಹ್ಯೂಸ್ ತಂಡ ಟ್ರಿನಿಡಾಡಿನ ಕಾಡು ತೊರೆಗಳಲ್ಲೇ ಇದಕ್ಕೆ ಉತ್ತರ ಹುಡುಕಿತು. ಒಂದು ಮಡುವಿನಲ್ಲಿ ಅಪರೂಪದ ವಿನ್ಯಾಸ ಇರುವ ಗಂಡುಗಳಿಗೆ ಹೆಚ್ಚು ಸಂಗಾತಿಗಳು ಸಿಕ್ಕವು, ಹೆಚ್ಚು ಮರಿಗಳೂ ಆದವು. ಅದಕ್ಕೂ ಮೊದಲು, 2006ರಲ್ಲಿ, ಅಪರೂಪದ ಗಂಡುಗಳು ಬದುಕುಳಿಯುವುದೂ ಹೆಚ್ಚು ಎಂದು ಗೊತ್ತಾಗಿತ್ತು. ಒಂದು ವಿನ್ಯಾಸ ಗೆದ್ದು ಎಲ್ಲೆಡೆ ಹರಡಿದ ಕೂಡಲೇ ಅದರ ಅದೃಷ್ಟ ಇಳಿಯುತ್ತದೆ. ಹೊಸತಕ್ಕೆ ಮತ್ತೆ ಜಾಗ ಸಿಗುತ್ತದೆ.

ಆಯ್ಕೆಗೆ ಅವಕಾಶ ಇಲ್ಲದಾಗ

ಹೆಣ್ಣಿನ ಒಪ್ಪಿಗೆಯ ಕಥೆಯನ್ನಷ್ಟೇ ಹೇಳಿದರೆ ಅರ್ಧ ಸತ್ಯ ಹೇಳಿದಂತೆ. ಗಪ್ಪಿ ಗಂಡಿಗೆ ಇನ್ನೊಂದು ದಾರಿಯೂ ಗೊತ್ತು. ನೃತ್ಯ ಗಿತ್ಯ ಏನೂ ಇಲ್ಲದೆ ಹಿಂದಿನಿಂದ ನುಗ್ಗಿ, ಗೊನೊಪೋಡಿಯಂ ಚುಚ್ಚಿ ಓಡುವುದು. ಬೇಟೆಗಾರರು ಹೆಚ್ಚಿರುವ ತೊರೆಗಳಲ್ಲಿ, ಬೆಳಕು ತೀರಾ ಜೋರಾಗಿರುವಾಗ, ಈ ದಾರಿಯೇ ಜಾಸ್ತಿ. ಪ್ರದರ್ಶನ ಮಾಡುವ ಗಂಡು ಬೇಗ ಕಣ್ಣಿಗೆ ಬೀಳುತ್ತದೆ. ಅದಕ್ಕೇ ನೃತ್ಯಕ್ಕೆ ಮುಂಜಾನೆ, ಸಂಜೆಯ ಮಬ್ಬು ಬೆಳಕಿನ ಹೊತ್ತೇ ಹೆಚ್ಚು.

ಹೆಣ್ಣುಗಳಿಗೆ ಈ ಕಾಟದ ಬೆಲೆ ಸಣ್ಣದಲ್ಲ. ಮೇಯುವ ಸಮಯ ಹಾಳಾಗುತ್ತದೆ. ಸಫಿ ಡಾರ್ಡನ್ ಮತ್ತು ಡ್ಯಾರನ್ ಕ್ರಾಫ್ಟ್ 2008ರಲ್ಲಿ ವರದಿ ಮಾಡಿದ ಸಂಗತಿ ಮನಸ್ಸಿಗೆ ನಾಟುತ್ತದೆ. ಹೆಣ್ಣುಗಳು ಗಂಡುಗಳ ಕಾಟ ತಪ್ಪಿಸಿಕೊಳ್ಳಲು ಬೇಟೆಗಾರ ಮೀನುಗಳಿರುವ ಆಳದ ನೀರಿಗೆ ಹೋಗಿ ಇರುತ್ತವೆ. ಬಣ್ಣದ ಗಂಡುಗಳಿಗೆ ಅಲ್ಲಿಗೆ ಬರಲು ಭಯ. ಸಾವಿನ ಅಪಾಯವೇ ಕಡಿಮೆ ಕಷ್ಟ ಅನ್ನಿಸುವಷ್ಟು ಕಾಟ ಅದು.

ಹಾಗಂತ ಹೆಣ್ಣು ಸೋತಿದೆ ಎಂದಲ್ಲ. ಅದರ ಆಯ್ಕೆ ದೇಹದೊಳಗೂ ಮುಂದುವರಿಯುತ್ತದೆ. ಒಂದು ಹೆರಿಗೆಯ ಮರಿಗಳಿಗೆ ಹಲವು ತಂದೆಯರು ಇರುವುದು ಗಪ್ಪಿಯಲ್ಲಿ ಸಾಮಾನ್ಯ. ಇಟಲಿಯ ಆಂಡ್ರಿಯಾ ಪಿಲಾಸ್ಟ್ರೊ ತಂಡ 2004ರಲ್ಲಿ ತೋರಿಸಿದಂತೆ, ಗಂಡು ಆಕರ್ಷಕ ಎಂದು ಹೆಣ್ಣಿಗೆ ಕಂಡರೆ ಅದರ ವೀರ್ಯ ಒಳಗೆ ಹೆಚ್ಚು ಉಳಿಯುತ್ತದೆ. ಅದೇ ಗಂಡು ಸಾಧಾರಣ ಎಂದು ಕಂಡರೆ ಕಡಿಮೆ. ಇನ್ನೊಂದು ಅಚ್ಚರಿ ಎಂದರೆ, ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳಬಲ್ಲದು. ಗಂಡಿನ ಆಯುಷ್ಯ ಹೆಣ್ಣಿನದಕ್ಕಿಂತ ಚಿಕ್ಕದು. ಹಾಗಾಗಿ ಸತ್ತು ಹೋದ ಗಂಡುಗಳ ಮರಿಗಳು ತೊರೆಯಲ್ಲಿ ಹುಟ್ಟುತ್ತಲೇ ಇರುತ್ತವೆ. ಈ ಸಂಗತಿಯನ್ನು ನೆನಪಿಡಿ, ನಮ್ಮ ಬಾವಿ–ಕೆರೆಗಳ ಮಾತಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಈ ಒಳಗಿನ ಆಯ್ಕೆ ಎಷ್ಟು ದೂರ ಹೋಗಬಹುದು ಎಂದು ತೋರಿಸುವುದು ಪೊಸಿಲಿಯಾಪ್ಸಿಸ್ ಎಂಬ ಮೀನುಗಳು. ಈ ಗುಂಪಿನ ಕೆಲವು ಜಾತಿಗಳಲ್ಲಿ ತಾಯಿ ಮೊಟ್ಟೆಯೊಳಗೆ ಮೊದಲೇ ಆಹಾರ ತುಂಬಿ ಸುಮ್ಮನಾಗುತ್ತದೆ. ಇನ್ನು ಕೆಲವದರಲ್ಲಿ ನಿಜವಾದ ಜರಾಯು, ಅಂದರೆ ಮಾಸು, ಬೆಳೆದಿದೆ. ಗರ್ಭದ ಉದ್ದಕ್ಕೂ ಮರಿಗೆ ಆಹಾರ ಹೋಗುತ್ತದೆ. ರೆಜ್ನಿಕ್ ಮತ್ತು ಸಂಗಡಿಗರ 2002ರ ಅಂದಾಜಿನಂತೆ ಇಂಥ ಸಂಕೀರ್ಣ ಅಂಗ ಬರೀ 7.5 ಲಕ್ಷ ವರ್ಷದಲ್ಲಿ ರೂಪುಗೊಂಡಿರಬಹುದು, ಅದೂ ಒಂದಕ್ಕಿಂತ ಹೆಚ್ಚು ಸಲ. 2014ರಲ್ಲಿ ಬಾರ್ಟ್ ಪೊಲಕ್ಸ್ ತಂಡ ಈ ಕುಟುಂಬದ ನೂರಕ್ಕೂ ಹೆಚ್ಚು ಜಾತಿಗಳನ್ನು ಹೋಲಿಸಿ ನೋಡಿತು. ಮಾಸು ಇರುವ ಜಾತಿಗಳಲ್ಲಿ ಗಂಡುಗಳು ಸಪ್ಪೆ. ಬಣ್ಣ, ಅಲಂಕಾರ, ನೃತ್ಯ ಕಡಿಮೆ. ಮೈ ಚಿಕ್ಕದು, ಗೊನೊಪೋಡಿಯಂ ಮಾತ್ರ ಉದ್ದ. ಮೊಟ್ಟೆಗೆ ಮೊದಲೇ ಎಲ್ಲ ಬಂಡವಾಳ ಹಾಕುವ ತಾಯಿ ಗಂಡನ್ನು ಮೊದಲೇ ನೋಡಿ ಆರಿಸಬೇಕು. ಸ್ವಲ್ಪ ಸ್ವಲ್ಪವಾಗಿ ಆಹಾರ ಕೊಡುವ ತಾಯಿಗೆ ಗರ್ಭದೊಳಗೇ ತೀರ್ಮಾನಿಸಲು ಅವಕಾಶ ಉಂಟು. ಹೊರಗಿನ ಅಂದಕ್ಕೆ ಅಲ್ಲಿ ಅಷ್ಟು ಬೆಲೆ ಇಲ್ಲ. ತಾಯ್ತನದ ರೀತಿ ಬದಲಾದರೆ ಗಂಡಿನ ಮೈಬಣ್ಣ ಬದಲಾಗುತ್ತದೆ ಎಂಬುದು, ನನ್ನ ದೃಷ್ಟಿಯಲ್ಲಿ, ಈ ಇಡೀ ಕ್ಷೇತ್ರದ ಅತ್ಯಂತ ಆಳವಾದ ಶೋಧ.

ನೀರು ಕೆಟ್ಟರೆ

ಮೆಕ್ಸಿಕೋದ ಹಿಡಾಲ್ಗೊ ರಾಜ್ಯದ ಕಾಲ್ನಾಲಿ ಎಂಬ ಊರಿನ ಬಳಿ ಎರಡು ಜಾತಿಯ ಸ್ವೋರ್ಡ್‌ಟೇಲ್‌ಗಳಿವೆ. ಎತ್ತರದ ತೊರೆಗಳಲ್ಲಿ ಮಾಲಿಂಚೆ, ತಗ್ಗಿನಲ್ಲಿ ಬರ್ಚ್‌ಮನಿ. ಹೆಣ್ಣುಗಳು ತಮ್ಮ ಜಾತಿಯ ಗಂಡನ್ನು ಗುರುತಿಸುವುದು ಬಹಳಮಟ್ಟಿಗೆ ವಾಸನೆಯಿಂದ. 2006ರಲ್ಲಿ ಹೈಡಿ ಫಿಶರ್, ಬಾಬ್ ವಾಂಗ್ ಮತ್ತು ಗಿಲ್ ರೋಸೆಂಥಾಲ್ ಒಂದು ಸರಳ ಪರೀಕ್ಷೆ ಮಾಡಿದರು. ಶುದ್ಧ ನೀರಿನಲ್ಲಿ ಬರ್ಚ್‌ಮನಿ ಹೆಣ್ಣು ತನ್ನ ಜಾತಿಯ ಗಂಡಿನ ವಾಸನೆಯ ಕಡೆಗೇ ಹೋಯಿತು. ಊರಿನ ಕೊಳಚೆ, ಹೊಲದಿಂದ ಹರಿದ ನೀರು ಸೇರಿದ ತೊರೆಯ ನೀರಿನಲ್ಲಿ ಆ ಒಲವು ಕಾಣಲಿಲ್ಲ. ಕೊಳೆತ ಎಲೆಗಳಿಂದ ಸಹಜವಾಗಿ ಬರುವ, ಮಲಿನ ನೀರಿನಲ್ಲಿ ಹೆಚ್ಚಾಗುವ ಹ್ಯೂಮಿಕ್ ಆಮ್ಲವನ್ನು ಸೇರಿಸಿದಾಗಲೂ ಅದೇ ಆಯಿತು. ಹೆಣ್ಣಿನ ರುಚಿ ಬದಲಾಗಿರಲಿಲ್ಲ, ಗುರುತಿಸುವುದಕ್ಕೇ ಆಗುತ್ತಿರಲಿಲ್ಲ.

ಆ ಪ್ರದೇಶದ ಹಲವು ತೊರೆಗಳಲ್ಲಿ ಈಗ ಎರಡೂ ಜಾತಿ ಬೆರೆತು ಮಿಶ್ರತಳಿಗಳಾಗಿವೆ. ಅದರ ಪರಿಣಾಮ ಬರೀ ರೂಪಕ್ಕೆ ಸೀಮಿತವಾಗಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನ, ಇಂಥ ಮಿಶ್ರತಳಿಗಳಲ್ಲಿ ಎರಡೂ ಕಡೆಯ ವಂಶವಾಹಿಗಳು ಹೊಂದಿಕೊಳ್ಳದೆ ಬಾಲದ ಮೇಲೆ ಮೆಲನೋಮಾ ಎಂಬ ಕ್ಯಾನ್ಸರ್ ಬರುವುದನ್ನು ವಿವರಿಸಿತು. ತಪ್ಪು ಸಂಗಾತಿಯನ್ನು ದೂರ ಇಡುವ ಹೆಣ್ಣಿನ ಜಾಗರೂಕತೆ ಎಷ್ಟು ದೊಡ್ಡ ಕೆಲಸ ಮಾಡುತ್ತಿತ್ತು ಎಂದು ಅದು ತಪ್ಪಿದಾಗಲೇ ಗೊತ್ತಾಗುವುದು.

ಫ್ಲಾರಿಡಾದಲ್ಲಿ ಕಾಗದದ ಕಾರ್ಖಾನೆಯ ನೀರು ಸೇರುವ ಎಲೆವನ್‌ಮೈಲ್ ಕ್ರೀಕ್ ಎಂಬ ಹಳ್ಳದಲ್ಲಿ, 1980ರಲ್ಲೇ, ಹೆಣ್ಣು ಗ್ಯಾಂಬೂಸಿಯಾಗಳ ರೆಕ್ಕೆ ಗೊನೊಪೋಡಿಯಂನಂತೆ ಬೆಳೆದದ್ದು ವರದಿಯಾಗಿತ್ತು. ದನಗಳ ಮೈ ಬೆಳೆಸಲು ಕೆಲವು ದೇಶಗಳಲ್ಲಿ ಕೊಡುವ ಟ್ರೆನ್‌ಬೊಲೋನ್ ಎಂಬ ಹಾರ್ಮೋನ್ ಸಗಣಿ–ಗಂಜಳದ ಮೂಲಕ ತೊರೆ ಸೇರುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ, ಪರಿಸರದಲ್ಲಿ ಕಾಣುವಷ್ಟೇ ಪ್ರಮಾಣದ ಆ ಹಾರ್ಮೋನ್ ಇರುವ ನೀರಿನಲ್ಲಿ ಗಂಡು ಗಪ್ಪಿಗಳನ್ನು 21 ದಿನ ಇಟ್ಟಿತು. ಮೀನು ಸಾಯಲಿಲ್ಲ. ಆದರೆ ಅವು ಹೆಣ್ಣಿನ ಮೇಲೆ ಹಿಂದಿನಿಂದ ನುಗ್ಗುವುದು ಜಾಸ್ತಿಯಾಯಿತು. ಎಷ್ಟು ಮೀನು ಸತ್ತವು ಎಂದು ಎಣಿಸಿ ನೀರಿನ ಸುರಕ್ಷತೆಯನ್ನು ಅಳೆಯುವ ನಮ್ಮ ಪದ್ಧತಿಗೆ ಈ ಬದಲಾವಣೆ ಕಾಣುವುದೇ ಇಲ್ಲ. ಹೆಣ್ಣಿನ ಕೈಯಿಂದ ಆಯ್ಕೆ ಜಾರಿದರೆ ಮುಂದಿನ ತಲೆಮಾರಿನ ತಂದೆಯರು ಬೇರೆ ಆಗುತ್ತಾರೆ. ಅದು ಲೆಕ್ಕಕ್ಕೆ ಬರಬೇಕು.

ನಮ್ಮ ಬಾವಿಯ ಗಪ್ಪಿ

ಭಾರತಕ್ಕೆ ಗಪ್ಪಿ ಬಂದು ನೂರು ವರ್ಷ ದಾಟಿದೆ. ಗ್ಯಾಂಬೂಸಿಯಾ ಬಂದದ್ದು 1928ರಲ್ಲಿ. ಎರಡನ್ನೂ ತಂದದ್ದು ಸೊಳ್ಳೆಮರಿ ತಿನ್ನಿಸಲು. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಫಲ ಸಿಕ್ಕಿದೆ. ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆ ಬೆಳೆಯುತ್ತಿದ್ದದ್ದು ಮುಖ್ಯವಾಗಿ ಬಾವಿಗಳಲ್ಲಿ. ರೇಷ್ಮೆ ಸಾಕುವ ಮನೆಗಳಲ್ಲಿ ಕೀಟನಾಶಕ ಸಿಂಪಡಿಸುವುದು ಕಷ್ಟ, ಹುಳುಗಳು ಸತ್ತುಹೋಗುತ್ತವೆ. ಮಲೇರಿಯಾ ಸಂಶೋಧಕರು ಅಲ್ಲಿ ಬಾವಿಗಳಿಗೆ ಗಪ್ಪಿ ಬಿಟ್ಟರು. ಸೊಳ್ಳೆಯೂ ಇಳಿಯಿತು, ಮಲೇರಿಯಾವೂ ಇಳಿಯಿತು. 2005ರಲ್ಲಿ ಇದು ವೈಜ್ಞಾನಿಕ ಪತ್ರಿಕೆಯಲ್ಲಿ ಬಂತು. ಜನರ ಜ್ವರ ಕಡಿಮೆ ಮಾಡಿದ ಕೆಲಸವನ್ನು ಹಗುರವಾಗಿ ಕಾಣಲಾಗದು.

ಆದರೆ ಬಾವಿ ಬೇರೆ, ಹೊಳೆ ಬೇರೆ. ಬಾವಿಗೆ ಗೋಡೆ ಇದೆ. ಹೊಳೆಗೆ, ರಾಜಕಾಲುವೆಗೆ, ಮಳೆಗಾಲದಲ್ಲಿ ಕೋಡಿ ಬೀಳುವ ಕೆರೆಗೆ ಇಲ್ಲ. ಆಗ ಹೇಳಿದ, ವೀರ್ಯ ಕೂಡಿಡುವ ಸಂಗತಿ ಇಲ್ಲಿ ಬರುತ್ತದೆ. ಟ್ರಿನಿಡಾಡಿನಲ್ಲಿ ಏಮಿ ಡೀಕನ್ ಮತ್ತು ಸಂಗಡಿಗರು ಒಂದೊಂದು ತೊಟ್ಟಿಗೆ ಒಂದೇ ಒಂದು ಹೆಣ್ಣು ಗಪ್ಪಿ ಬಿಟ್ಟು ಎರಡು ವರ್ಷ ನೋಡಿದರು. ಬಹುಪಾಲು ತೊಟ್ಟಿಗಳಲ್ಲಿ ಅದರ ಸಂತತಿ ಬೆಳೆದು ನಿಂತಿತು. 2011ರಲ್ಲಿ ಬಂದ ಈ ಫಲಿತಾಂಶದ ಅರ್ಥ ಸ್ಪಷ್ಟ. ಮನೆ ಖಾಲಿ ಮಾಡುವಾಗ ಪಾಪ ಅಂತ ಕೆರೆಗೆ ಬಿಡುವ ಒಂದು ಹೆಣ್ಣು ಮೀನು ಒಂದು ಇಡೀ ಸಂಸಾರ. ಹಲವು ತಂದೆಯರ ವೀರ್ಯ ಅದರೊಳಗೆ ಇರುವುದರಿಂದ ವೈವಿಧ್ಯವೂ ಜೊತೆಗೇ ಬರುತ್ತದೆ. ಗ್ಯಾಂಬೂಸಿಯಾ ಇನ್ನೂ ಜಗಳಗಂಟಿ. ಬೇರೆ ಮೀನಿನ ಮರಿ, ಮೊಟ್ಟೆ, ಕಪ್ಪೆಯ ಗೊದಮೊಟ್ಟೆ ಏನನ್ನೂ ಬಿಡುವುದಿಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಹಾಗಾಗಿ ನನ್ನ ನಿಲುವು ಹೀಗೆ. ಮುಚ್ಚಿದ ಬಾವಿ, ಸಿಮೆಂಟ್ ತೊಟ್ಟಿ, ಕಟ್ಟಡ ಕಟ್ಟುವ ಜಾಗದ ನೀರಿಗೆ ಗಪ್ಪಿ ಬಿಡುವುದರಲ್ಲಿ ತಕರಾರಿಲ್ಲ. ಹರಿಯುವ ನೀರಿಗೆ, ಅದರಲ್ಲೂ ಪಶ್ಚಿಮ ಘಟ್ಟದ ತೊರೆಗಳ ಹತ್ತಿರ, ಯಾವ ಕಾರಣಕ್ಕೂ ಬೇಡ. ಅಲ್ಲಿ ಸೊಳ್ಳೆಮರಿ ತಿನ್ನುವ ನಮ್ಮದೇ ಮೀನುಗಳಿವೆ. ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊತ್ತು ನೀರಿನ ಮೇಲ್ಪದರದಲ್ಲೇ ಓಡಾಡುವ ಅಪ್ಲೋಕೈಲಸ್ ಅಂಥದ್ದು. ಗ್ಯಾಂಬೂಸಿಯಾವನ್ನು ಹೊಸದಾಗಿ ಎಲ್ಲಿಗೂ ಬಿಡುವುದನ್ನು ನಿಲ್ಲಿಸಬೇಕು.

ಈಗಾಗಲೇ ಸೇರಿಕೊಂಡ ಗಪ್ಪಿಗಳಿಂದ ಕಲಿಯುವುದು ಬೇಕಾದಷ್ಟಿದೆ. ಎಂಡ್ಲರ್ ಕಟ್ಟಿಸಿದ ಕೊಳಗಳಂಥವು ನಮ್ಮಲ್ಲಿ ಊರೂರಿಗೂ ಇವೆ. ಬೇಟೆಗಾರನೇ ಇಲ್ಲದ ಬಾವಿ ಒಂದು ಕಡೆ, ಮಿಂಚುಳ್ಳಿ, ಕೊಕ್ಕರೆ, ದೊಡ್ಡ ಮೀನುಗಳಿರುವ ಕೆರೆ ಇನ್ನೊಂದು ಕಡೆ, ಕೊಳಚೆ ಹರಿಯುವ ಕಾಲುವೆ ಮತ್ತೊಂದು ಕಡೆ. ಒಂದು ಕೈಬಲೆ, ಮೊಬೈಲಿನ ಕ್ಯಾಮೆರಾ, ಪಕ್ಕಕ್ಕೆ ಇಡಲು ಒಂದು ಸ್ಕೇಲು ಇದ್ದರೆ ಗಂಡುಗಳ ಕಿತ್ತಳೆ ಚುಕ್ಕೆಯ ಅಳತೆ ಸಿಗುತ್ತದೆ. ನೀರು ಎಷ್ಟು ತಿಳಿಯಾಗಿದೆ, ತಳ ಎಂಥದ್ದು, ಗಂಡುಗಳು ನೃತ್ಯ ಮಾಡುತ್ತವೋ ಹಿಂದಿನಿಂದ ನುಗ್ಗುತ್ತವೋ ಎಂಬುದನ್ನೂ ಜೊತೆಗೆ ಬರೆದಿಟ್ಟುಕೊಳ್ಳಬೇಕು. ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಮಾಡಬಹುದಾದ ಕೆಲಸ ಇದು. ಅಳೆದ ಮೇಲೆ ಆಯಾ ಮೀನನ್ನು ಹಿಡಿದ ನೀರಿಗೇ ಬಿಡಬೇಕು, ಒಂದು ಕೆರೆಯ ಮೀನು ಇನ್ನೊಂದಕ್ಕೆ ಹೋಗಬಾರದು.